ಸಂಗಮದ ಕೆಸರು

ನಿನ್ನೆ ಅವ್ವನ ಜೊತೆ ಗಾಣಗಾಪುರದ ಸಂಗಮಕ್ಕೆ ಹೋಗಿದ್ದೆ. ಭೀಮೆಯಲ್ಲಿ ನೀರು ಇಳಿದಿತ್ತು. ದಂಡೆಯ ಕೆಸರು ಎರೆಮಣ್ಣಿನ ಹಾಗೆ ನುಣ್ಣಗೆ, ಕಾಲಿಗೆ ಹತ್ತಿದರೆ ಬಿಡದು. "ಈ ಮಣ್ಣು ಎಲ್ಲಿಗಿ ಹೋಗ್ತದ?" ಎಂದಳು ಅವ್ವ.

ಸಮುದ್ರಕ್ಕೆ ಅಂದೆ. ಆದರೆ ಆ ಪ್ರಶ್ನೆ ರಾತ್ರಿವರೆಗೂ ಬಿಡಲಿಲ್ಲ.

ಭೀಮಾಶಂಕರದಲ್ಲಿ ಹುಟ್ಟುವ ಈ ಹೊಳೆಗೆ ಪುಣೆಯ ಮುಳಾ-ಮುಠಾ ನೀರೂ ಸೇರುತ್ತದೆ. ದೊಡ್ಡ ಊರುಗಳ ಚರಂಡಿ, ಲೋಹಕ್ಕೆ ಲೇಪ ಹಾಕುವ ಘಟಕ, ಹಳೆ ಬ್ಯಾಟರಿ ಒಡೆಯುವ ಜಾಗ, ಇಂಥ ಕಡೆಯಿಂದ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಹೊಳೆ ಸೇರಬಹುದು. ಇವು ನೀರಿಗಿಂತ ಜಾಸ್ತಿ ನುಣುಪು ಮಣ್ಣಿನ ಕಣಕ್ಕೇ ಅಂಟುತ್ತವೆ. ಹಾಗಾಗಿ ನೀರು ತಿಳಿಯಾಗಿ ಕಂಡರೂ ತಳದಲ್ಲಿ ವಿಷ ಕೂತಿರಬಹುದು. ಕಸ ಕೊಳೆಯುತ್ತದೆ, ಲೋಹ ಕೊಳೆಯುವುದಿಲ್ಲ ಅಲ್ವಾ.

ಉಜನಿ, ಶ್ರೀಶೈಲ, ನಾಗಾರ್ಜುನಸಾಗರ, ಒಂದೊಂದು ಅಣೆಕಟ್ಟಿನ ಹಿಂದೆಯೂ ಹೂಳು ನಿಲ್ಲುತ್ತದೆ. ಭೀಮೆ ಕೃಷ್ಣೆಗೆ ಸೇರುವುದರಿಂದ, ಉಳಿದದ್ದು ಕೃಷ್ಣೆಯ ಜೊತೆ ಆಂಧ್ರದ ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಅಲ್ಲಿ ಉಪ್ಪುನೀರು ತಾಗಿದ ಕೂಡಲೇ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಕೂರುತ್ತವೆ. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ, ಏಡಿ, ಚಿಪ್ಪುಮೀನು ಮೇಯುವ ಜಾಗದಲ್ಲೇ. ಆದರೆ ಕ್ಯಾಡ್ಮಿಯಂ ಉಪ್ಪು ಕಂಡರೆ ಮಣ್ಣು ಬಿಟ್ಟು ಮತ್ತೆ ನೀರಿಗೆ ಬರಬಹುದು. ಇದು ನನಗೆ ತುಂಬಾ ಹೆದರಿಕೆ ಹುಟ್ಟಿಸಿತು.

ನಮ್ಮ ಕಲಬುರಗಿಯಿಂದ ಸಮುದ್ರ ಎಷ್ಟು ದೂರ! ಅವ್ವ ಇನ್ನೂ ಸಮುದ್ರ ನೋಡಿಲ್ಲ. ಅಲ್ಲಿ ಏಡಿ ಹಿಡಿದು ಮಕ್ಕಳನ್ನು ಸಾಕುವ ತಾಯಿಯೂ ಭೀಮೆಯನ್ನು ನೋಡಿರಲಿಕ್ಕಿಲ್ಲ. ಬಸ್ಸಿನಲ್ಲಿ ಬರುವಾಗಲೂ ಅವ್ವನ ಸೀರೆಯಂಚಿನಲ್ಲಿ ಆ ಕೆಸರು ಒಣಗಿ ಅಂಟಿಕೊಂಡಿತ್ತು.