ಮಾಡು ಹೊದಿಸುವ ಬಿಸಿಲು

ಜನವರಿಯ ಒಂದು ಬೆಳಿಗ್ಗೆ ನಮ್ಮ ಕಾರಿನ ಹಿಂದಿನ ಕಿಟಕಿ ಹಪ್ಪಳದ ಹಾಗೆ ಮುರಿಯಿತು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಆದರೆ ಆಕಾಶ ತಿಳಿಯಾಗಿತ್ತು, ಬಿಸಿಲಿತ್ತು. ಇಂಗ್ಲೆಂಡಿನ ಚಳಿಗಾಲದಲ್ಲಿ ಅಂಥ ಬೆಳಿಗ್ಗೆ ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ. ಕಾರಿನ ಬಟ್ಟೆಯ ಟಾಪು ಮಡಚಿ, ತೆರೆದ ಕಾರಿನಲ್ಲಿ ಒಂದು ಸುತ್ತು ಹೋಗಿಬರೋಣ ಎಂದು ಮುಂದಿನ ಎರಡು ಹಿಡಿ ಬಿಚ್ಚಿ ಹಿಂದಕ್ಕೆ ತಳ್ಳಿದೆ. ಟಪ್ಪೆಂದು ಸದ್ದಾಯಿತು. ಪ್ಲಾಸ್ಟಿಕ್ ಕಿಟಕಿ ಮೇಲಿನಿಂದ ಕೆಳಗಿನವರೆಗೆ ಸೀಳಿಹೋಗಿತ್ತು.

ಮಡಚುವ ಟಾಪಿನಲ್ಲಿ ಗಾಜು ಹಾಕಲಾಗದು ಎಂದು ಇಂಥ ಹಳೆಯ ಕಾರುಗಳಿಗೆ ಪಿವಿಸಿ ಹಾಳೆಯನ್ನೇ ಕಿಟಕಿಯಾಗಿ ಹೊಲಿದಿರುತ್ತಾರೆ. ಹಾಳೆಯನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ವರ್ಷಗಳು ಕಳೆದಂತೆ ಸೋರಿಹೋಗುತ್ತದೆ. ಬಿಸಿಲಿಗೆ ಹಳದಿಯಾಗುತ್ತದೆ, ಚಳಿಗೆ ಸೆಟೆಯುತ್ತದೆ. ಚಳಿಯಲ್ಲಿ ಅದನ್ನು ಮಡಚಲೇಬಾರದಿತ್ತು. ಟಾಪಿನ ಬಟ್ಟೆಯೂ ಅಷ್ಟೊತ್ತಿಗೆ ಮಡಿಕೆಗಳಲ್ಲೆಲ್ಲ ನೂಲು ಬಿಟ್ಟಿತ್ತು. ಇಡೀ ಹೊದಿಕೆಯನ್ನೇ ಬದಲಿಸಬೇಕೆಂದು ಇವರೂ ನಾನೂ ನಿರ್ಧರಿಸಿದೆವು.

ನಾವಿರುವುದು ಆಕ್ಸ್‌ಫರ್ಡಿನ ದಕ್ಷಿಣಕ್ಕೆ, ಥೇಮ್ಸ್ ದಂಡೆಯ ಆಬಿಂಗ್ಡನ್ನಿನಲ್ಲಿ. ನಮ್ಮದು 1973ರ ಎಂಜಿಬಿ ರೋಡ್‌ಸ್ಟರ್, ಇಬ್ಬರು ಕೂರುವ ತೆರೆದ ಕಾರು. ಎಂಜಿ ಎಂದ ಕೂಡಲೇ ಕರ್ನಾಟಕದ ನಮ್ಮೂರಿನವರಿಗೆ ನೆನಪಾಗುವುದು 2019ರಲ್ಲಿ ಬಂದ ಹೆಕ್ಟರ್ ಕಾರು. ಆ ಎಂಟು ಮೂಲೆಯ ಬಿಲ್ಲೆ ಈಗ ಚೀನಾದ ಕಂಪನಿಯದು. ಆದರೆ ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನಲ್ಲಿದ್ದ ಕಾರು ಅಂಗಡಿ. 1929ರಲ್ಲಿ ಅವರು ಆಬಿಂಗ್ಡನ್ನಿಗೆ ಬಂದು, ಇಲ್ಲಿನ ಚರ್ಮದ ಕಾರ್ಖಾನೆಯೊಂದರ ಜಾಗದಲ್ಲಿ ಕಾರು ಕಟ್ಟತೊಡಗಿದರು. ಎಂಜಿಬಿ 1962ರಿಂದ 1980ರವರೆಗೆ ಇಲ್ಲಿಂದಲೇ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಿತ್ತು. ಹೆಚ್ಚಿನವು ಹಡಗು ಹತ್ತಿ ಅಮೆರಿಕಕ್ಕೆ ಹೋದವು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಕಾರು ಹುಟ್ಟಿದ ಊರಲ್ಲೇ ಇದೆ ಎಂಬುದು ನನಗೆ ಪ್ರತಿದಿನದ ಸಂತೋಷ.

ತೀರ್ಥಹಳ್ಳಿಯಿಂದ ಅಮ್ಮ ವಿಡಿಯೊ ಕರೆಯಲ್ಲಿ ಅದನ್ನು ನೋಡಿದವಳೇ ಕೇಳಿದ್ದು, “ಅಲ್ವೇ, ಮಳೆ ಹೊಯ್ಯೋ ದೇಶದಲ್ಲಿ ಮಾಡಿಲ್ಲದ ಕಾರು ಯಾಕೆ ತಗೊಂಡ್ರಿ?” ಮಾಡು ಎಂದರೆ ನಮ್ಮ ಕಡೆ ಚಾವಣಿ. ನ್ಯಾಯವಾದ ಪ್ರಶ್ನೆ. ನಮ್ಮೂರಲ್ಲಿ ಬಿಸಿಲೆಂದರೆ ನೆರಳು ಹುಡುಕುವ ಹೊತ್ತು. ಇಲ್ಲಿ ಬಿಸಿಲು ಬಿತ್ತೆಂದರೆ ಜನ ಕುರ್ಚಿ ಎತ್ತಿಕೊಂಡು ಅಂಗಳಕ್ಕೆ ಬರುತ್ತಾರೆ. ವರ್ಷದಲ್ಲಿ ಸಿಗುವ ಕೆಲವೇ ದಿನಗಳಿಗಾಗಿ ಒಂದು ಕಾರನ್ನೇ ತೆರೆದಿಡುವ ಆಸೆ ಆ ಕೊರತೆಯಿಂದ ಹುಟ್ಟಿದ್ದು. ನಾಲ್ಕು ಚಳಿಗಾಲ ಕಳೆದ ಮೇಲೆ ನನಗದು ಅರ್ಥವಾಯಿತು.

ಬಟ್ಟೆ ಆರಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ಒಂದು ವಿನೈಲ್ ಎಂಬ ಪ್ಲಾಸ್ಟಿಕ್ ಬಟ್ಟೆ, ಇನ್ನೊಂದು ಇಲ್ಲಿನವರು ಮೊಹೇರ್ ಎನ್ನುವುದು. ಮೊಹೇರ್ ಎಂದರೆ ಅಂಗೋರಾ ಆಡಿನ ಕೂದಲು, ಆದರೆ ಈಗ ಆ ಹೆಸರಿನಲ್ಲಿ ಸಿಗುವ ಬಟ್ಟೆಯಲ್ಲಿ ಆಡಿನ ಕೂದಲಿಲ್ಲ. ಮೇಲೆ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರ್, ಒಳಗೆ ಹತ್ತಿ, ಹೀಗೆ ಮೂರು ಪದರ. ನೋಡಲು ಚೆಂದ, ಬೆಲೆ ಜಾಸ್ತಿ. ನಾನು ವಿನೈಲನ್ನೇ ಹಿಡಿದೆ, ಏಕೆಂದರೆ 1973ರಲ್ಲಿ ಕಾರ್ಖಾನೆ ಹಾಕಿದ್ದು ಅದನ್ನೇ. ಪಕ್ಕದ ಮನೆಯ ಹಿರಿಯರಿಗೆ ಮಾದರಿ ತೋರಿಸುತ್ತ ಬಾಯಿತಪ್ಪಿ “ರೆಕ್ಸಿನ್” ಎಂದೆ. ಅವರ ಮುಖ ಅರಳಿತು. ಆ ಪದ ಕೇಳಿ ಎಷ್ಟೋ ವರ್ಷವಾಗಿತ್ತಂತೆ. ರೆಕ್ಸಿನ್ ಎಂಬುದು ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಎಂಬ ಊರಿನ ಕಂಪನಿಯೊಂದರ ಹೆಸರು. ನಾವು ಆಟೊ ಸೀಟಿಗೂ ಶಾಲೆಯ ಚೀಲಕ್ಕೂ ಆ ಹೆಸರನ್ನು ಇಂದಿಗೂ ದಿನಾ ಕರೆಯುತ್ತೇವೆ ಎಂದು ಅವರಿಗೆ ಹೇಳಿದೆ.

ಈ ಹಿರಿಯರು ಆಬಿಂಗ್ಡನ್ನಿನ ಎಂಜಿ ಕಾರ್ಖಾನೆಯ ಕೊನೆಯ ಆರು ವರ್ಷ ಸೀಟು, ಟಾಪು ಕೂರಿಸುವ ವಿಭಾಗದಲ್ಲಿ ದುಡಿದವರು. ಈಗ ಬೆರಳಿನ ಗಂಟುಗಳು ಊದಿಕೊಂಡಿವೆ, ಟಿಚ್ ಬಟನ್ ಒತ್ತುವುದಕ್ಕೂ ಆಗುವುದಿಲ್ಲ. ಆದರೆ ಕಣ್ಣು ಮಾತ್ರ ಹದ್ದಿನದು. ಮೊದಲು ತರಿಸಿದ ಹೊದಿಕೆಯ ಗುಂಡಿಗಳು ನಮ್ಮ ಕಾರಿನ ಗುಂಡಿಗಳಿಗೆ ಬೆರಳಗಲ ತಪ್ಪಿ ನಿಂತವು. ಮಾರಿದವರು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ನನಗೆ ಅಳುವೇ ಬಂದಿತ್ತು. ಹಿರಿಯರು ಕೂತಲ್ಲಿಂದಲೇ ಹೇಳಿದರು: “ಇವೆಲ್ಲ ಕೈಯಲ್ಲಿ ಕಟ್ಟಿದ ಕಾರು. ಒಂದರ ಹಾಗೆ ಇನ್ನೊಂದಿಲ್ಲ. ಗುಂಡಿ ಹಾಕದ ಹೊದಿಕೆ ತರಿಸು. ಕಾರಿನ ಮೇಲೆ ಹರವಿದ ಮೇಲೆ ಗುಂಡಿ ಎಲ್ಲಿ ಬೀಳಬೇಕೋ ಅಲ್ಲಿ ಬೀಳಲಿ.” ರೆಡಿಮೇಡ್ ಅಂಗಿ ಬಿಟ್ಟು ದರ್ಜಿಯ ಹತ್ತಿರ ಹೋದ ಹಾಗೆ.

ಎರಡನೆಯ ಹೊದಿಕೆ ಏಪ್ರಿಲಿನಲ್ಲೇ ಬಂತು. ಅವರು ಮುಟ್ಟಗೊಡಲಿಲ್ಲ. “ಬಟ್ಟೆ ಇನ್ನೂ ತಣ್ಣಗಿದೆ, ಕಾಯಬೇಕು.” ವಿನೈಲ್ ಚಳಿಯಲ್ಲಿ ಕುಗ್ಗಿ ಗಡುಸಾಗಿರುತ್ತದೆ. ಆಗ ಎಳೆದು ಅಂಟಿಸಿದರೆ ಬೇಸಿಗೆ ಬಂದಾಗ ಸಡಿಲಾಗಿ ಜೋಲುತ್ತದೆ. ಬೆಚ್ಚಗಿರುವಾಗ ಹಿಗ್ಗಿಸಿ ಕೂರಿಸಿದರೆ ತಣ್ಣಗಾದ ಮೇಲೆ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಊರಲ್ಲಿ ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಹೆಂಚು ಕೈಯಾಡಿಸುವವರೂ ಹೀಗೆಯೇ ಬಿಸಿಲು ನೋಡಿ ಕೆಲಸಕ್ಕೆ ಇಳಿಯುತ್ತಿದ್ದರು. ಆದರೆ ಅಲ್ಲಿ ಬಿಸಿಲು ಬಂದೇ ಬರುತ್ತದೆಂಬ ಭರವಸೆಯಿತ್ತು.

ಕಾಯುವ ತಿಂಗಳುಗಳಲ್ಲಿ ಹಳೆಯದನ್ನು ಬಿಚ್ಚಿದೆವು. ಮುಂದಿನ ಗಾಜಿನ ಮೇಲೆ ಕೂರುವ ಕಬ್ಬಿಣದ ಅಡ್ಡಪಟ್ಟಿಯ ರಬ್ಬರ್, ಅಲ್ಯೂಮಿನಿಯಂ ಪಟ್ಟಿ, ರಿವೆಟ್ಟುಗಳು ಒಂದೊಂದಾಗಿ ಹೊರಬಂದವು. ಬಟ್ಟೆಯ ಅಡಿಯಲ್ಲಿ ತುಕ್ಕು. ಇವರು ಎರಡು ವಾರಾಂತ್ಯ ಅದನ್ನು ಉಜ್ಜಿ ಬಣ್ಣ ಹೊಡೆದರು. ಮಡಚುವ ಚೌಕಟ್ಟು ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿಯ ಹೆಸರಿನದು. ಕಮಾನುಗಳನ್ನು ಸರಿಯಾದ ಅಂತರದಲ್ಲಿ ಹಿಡಿಯುವ ನೇಯ್ದ ಪಟ್ಟಿಗಳು ಜೀರ್ಣವಾಗಿದ್ದವು. ಹೊಸ ಬಟ್ಟೆ ಕೊಂಡು ಈ ಪಟ್ಟಿಗಳನ್ನು ಹಳೆಯವೇ ಬಿಟ್ಟರೆ ಕಮಾನು ಹಿಂದೆ ಮುಂದೆ ಸರಿದು ಎಲ್ಲ ಶ್ರಮವೂ ನೀರುಪಾಲು. ದಯವಿಟ್ಟು ಇಲ್ಲಿ ಉಳಿತಾಯ ಮಾಡಬೇಡಿ.

ಜುಲೈನ ಎರಡನೆಯ ಶನಿವಾರ ಬಿಸಿಲು 27 ಡಿಗ್ರಿ ಮುಟ್ಟಿತು. ಹೊದಿಕೆಯನ್ನು ಹುಲ್ಲಿನ ಮೇಲೆ, ಅಪ್ಪೆಹುಳಿಗೆ ಮಾವಿನ ಹೋಳು ಒಣಗಿಸುವ ಹಾಗೆ, ಎರಡು ಗಂಟೆ ಹರವಿದೆವು. ಪೆಟ್ಟಿಗೆಯ ಮಡಿಕೆಗಳು ತಾವಾಗಿ ಸಮನಾದವು. ಅಡ್ಡಪಟ್ಟಿಯ ನಟ್ಟನಡುವೆ ಸೀಮೆಸುಣ್ಣದ ಗೆರೆ, ಬಟ್ಟೆಯ ನಡುವೆ ಇನ್ನೊಂದು. ಮೊದಲು ಹಿಂದಿನ ಕ್ರೋಮ್ ಪಟ್ಟಿಗೆ ಸಿಕ್ಕಿಸಿದೆವು. ಆಮೇಲೆ ಮುಂದಕ್ಕೆ ಎಳೆದು, ನಡುವಿನಿಂದ ಎಡಕ್ಕೊಂದು ಬಲಕ್ಕೊಂದು ಕ್ಲಿಪ್ ಹಾಕುತ್ತ ಹೋದೆವು. ತುದಿಯಿಂದ ಆರಂಭಿಸಿದರೆ ಸುಕ್ಕು ನಡುವೆ ಬಂದು ನಿಲ್ಲುತ್ತದೆ, ಮತ್ತೆ ಓಡಿಸಲಾಗದು. ಬಟ್ಟೆ ಪಟ್ಟಿಯನ್ನು ದಾಟುವ ಕಡೆ ಗುರುತು ಮಾಡಿ, ಹಿಡಿಗಳನ್ನು ಸಡಿಲಿಸಿ, ಗುರುತಿಗಿಂತ ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ಎಳೆದು ಅಂಟಿಸಬೇಕು.

ಚಪ್ಪಲಿ ರಿಪೇರಿಯವರ ಸೊಲ್ಯೂಷನ್ನಿನ ಜಾತಿಯ ಅಂಟು ಅದು, ಬಿಸಿಲಿಗೆ ಕರಗದ ಬಗೆಯದು. ಎರಡೂ ಕಡೆ ಹಚ್ಚಿ, ಮುಟ್ಟಿದರೆ ಕೈಗಂಟದಷ್ಟು ಆರಿಸಿ, ಒಮ್ಮೆ ಒತ್ತಿದರೆ ಮುಗಿಯಿತು. ನನ್ನ ಕೈ ನಡುಗುತ್ತಿತ್ತು. ಹಿರಿಯರು ಕುರ್ಚಿಯಿಂದೆದ್ದು ಬಂದು, ತಮ್ಮ ಊದಿದ ಅಂಗೈಯನ್ನು ನನ್ನ ಕೈಮೇಲಿಟ್ಟು ಒಟ್ಟಿಗೆ ಒತ್ತಿದರು. “ಈಗ ಹೊರಕ್ಕೆ ಸವರು, ನಿಧಾನ.” ಎಡದ ಅಂಚು ಸೇರುವವರೆಗೂ ನಾನು ಉಸಿರು ಬಿಟ್ಟಿರಲಿಲ್ಲ. ಗುಂಡಿಗಳನ್ನು ಕೊನೆಗೆ ಹಾಕಿದೆವು. ಒಂದೊಂದೂ ತನ್ನ ಜಾಗದಲ್ಲಿ ಟಿಚ್ ಎಂದಿತು.

ಹೊಸ ಹೊದಿಕೆಯನ್ನು ಎರಡು ಮೂರು ವಾರ ಮಡಚಬಾರದು, ಅದು ಚೌಕಟ್ಟಿನ ಆಕಾರಕ್ಕೆ ಒಗ್ಗಬೇಕು. ಹಾಗಾಗಿ ವರ್ಷದ ಅತಿ ಒಳ್ಳೆಯ ಬಿಸಿಲಿನ ದಿನಗಳನ್ನೆಲ್ಲ ನಾವು ಟಾಪು ಮುಚ್ಚಿಕೊಂಡೇ ಓಡಾಡಿದೆವು. ಮೂರನೆಯ ಭಾನುವಾರ ಹಿರಿಯರನ್ನು ಮುಂದೆ ಕೂರಿಸಿಕೊಂಡು ಅಫಿಂಗ್ಟನ್ ಬೆಟ್ಟದ ಕಡೆ ಹೊರಟೆ. ವಾಂಟೇಜ್ ದಾಟುವಾಗ ಮಳೆ ಹಿಡಿಯಿತು, ಸೋನೆಯಲ್ಲ, ಆಷಾಢದ್ದೇ ಮಳೆ. ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ತಲೆಯಿಂದ ಒಂದು ಗೇಣು ಮೇಲೆ ದಬದಬ ಸದ್ದು. ಅವರು ಬಾಗಿಲ ಗಾಜು ಮತ್ತು ಹೊದಿಕೆ ಸೇರುವ ಮೂಲೆಯಲ್ಲಿ ಬೆರಳಾಡಿಸಿ ನನಗೆ ತೋರಿಸಿದರು. ಒಂದೇ ಒಂದು ಹನಿ. “ಗಾಜನ್ನು ಕೂದಲೆಳೆಯಷ್ಟು ಒಳಕ್ಕೆ ವಾಲಿಸಬೇಕು, ನಾಳೆ ನೋಡೋಣ” ಎಂದರು. ನಾನು ಅಮ್ಮನಿಗೆ ಫೋನ್ ಮಾಡಿ, ಮಾತಾಡದೆ, ಫೋನನ್ನು ಮಾಡಿನ ಕಡೆ ಎತ್ತಿ ಹಿಡಿದೆ.