ಮೂಗಿಗೂ ಬಾಡಿಗೆ

ನಾನು ಕಟ್ಟುತ್ತಿರೋ ಹಾಯಿದೋಣಿಗೆ ಮಾಡಿದ ಕೊಳವೆಯಿಂದ ಪೈಪ್ ಹೊರಗೆ ಬಂತು! ಬೆಳಿಗ್ಗೆ ಆರೂವರೆಗೆ ಒಳಗೆ ಬರ್ಫದ ಚೂರು ತುಂಬಿ ಕಾಯುತ್ತಾ ಕೂತಿದ್ದೆ. ಟಕ್ ಅಂತ ಸಣ್ಣ ಸದ್ದಾಯ್ತು. ಆಮೇಲೆ ಬರಿಗೈಲೇ ತಿರುಗಿಸಿ ಎಳೆದೆ. ಮೂರು ವಾರ ತಲೆ ತಿಂದಿತ್ತು ಇದು.

ದೋಣಿಯ ಒಡಲಿನ ಕೆಲಸ ಮುಗಿದಿದೆ. ನೀರು ತಡೆಯೋ ಐಎಸ್ 710 ಪ್ಲೈವುಡ್, ಹಾಳೆಗಳ ಅಂಚು ಇಳಿಜಾರಾಗಿ ಕೊಯ್ದು ಅಂಟಿಸೋ 1:8 ಸ್ಕಾರ್ಫ್ ಜೋಡಣೆ, ಮೇಲೆ ಗಾಜಿನ ನಾರಿನ ಗ್ಲಾಸ್ ಬಟ್ಟೆ. ಉದ್ದ 5.80 ಮೀಟರ್. 6ರ ಒಳಗೇ ಇರಬೇಕು ಅಂತ ಮೊದಲಿಂದಲೂ ಹಠ, ಯಾಕಂದ್ರೆ ನಾನು ತರಿಸಿಕೊಂಡ ಮರೀನಾ (ದೋಣಿ ನಿಲ್ಲಿಸೋ ಜಾಗ) ದರಪಟ್ಟಿಯಲ್ಲಿ 6 ದಾಟಿದರೆ ಮುಂದಿನ ಸ್ಲ್ಯಾಬ್ 8ರವರೆಗೆ. 6.01 ಆದರೂ 8ರ ದುಡ್ಡೇ.

ಆದರೆ ಅವರು ಅಳೆಯೋದು ಒಡಲನ್ನಲ್ಲ, ಈ ತುದಿಯಿಂದ ಆ ತುದಿಗೆ. ಮುಂದೆ ಮೂಗಿನಂತೆ ಚಾಚಿದ ಕೋಲು ಅಂದ್ರೆ ಬೌಸ್ಪ್ರಿಟ್, ಹಿಂದಿನ ಚುಕ್ಕಾಣಿ, ಮೋಟರ್, ಎಲ್ಲಾ ಲೆಕ್ಕಕ್ಕೆ. ನನ್ನ ಬೌಸ್ಪ್ರಿಟ್ 70 ಸೆಂಟಿಮೀಟರ್. ಒಂದು ಮೂಗಿಗೆ ವರ್ಷವಿಡೀ ಬಾಡಿಗೆ! ಸುಮ್ನೆ ಸುಲಿಗೆ ಅಂತ ಬೈದೆ. ಆಮೇಲೆ ಕಾಗದದ ಮೇಲೆ ಗೀಚಿ ನೋಡಿದರೆ ಅವರದ್ದೂ ಪೂರ್ತಿ ತಪ್ಪಲ್ಲ. ದೋಣಿ ಉದ್ದವಾದರೆ ಅಗಲವೂ ಜಾಸ್ತಿ. ಅದು ತಿರುಗೋಕೆ ಎರಡು ಸಾಲುಗಳ ನಡುವೆ ದೋಣಿಯ ಉದ್ದದ ಒಂದೂವರೆ ಪಟ್ಟಾದರೂ ನೀರು ಖಾಲಿ ಬಿಡಬೇಕು. ಆ ಖಾಲಿ ನೀರಿಗೂ ಯಾರಾದರೂ ದುಡ್ಡು ಕೊಡಲೇಬೇಕು, ಅಲ್ವಾ?

ಹಾಗಾಗಿ ಮೂಗನ್ನು ಒಳಗೆ ಜಾರಿಸೋ ಯೋಚನೆ. ಗುಜರಿಯಿಂದ ತಂದ ಅಲ್ಯೂಮಿನಿಯಂ ಪೈಪ್‌ಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಗ್ಲಾಸ್ ಬಟ್ಟೆ, ಗಟ್ಟಿಯಾಗೋ ಅಂಟು ಎಪಾಕ್ಸಿ. ಒಣಗಿದ ಮೇಲೆ ಪೈಪ್ ಎಳೆದರೆ ಅದಕ್ಕೇ ಅಳತೆಯ ತೋಳು, ಅಂದ್ರೆ ಪೈಪ್ ಒಳಗೆ ಹೊರಗೆ ಜಾರೋ ಕೊಳವೆ, ರೆಡಿ. ಹೇಳೋಕೆ ಎಷ್ಟು ಸುಲಭ!

ಎಪಾಕ್ಸಿಗೆ ಕಲಸೋಕೆ, ನಿಧಾನವಾಗಿ ಗಟ್ಟಿಯಾಗಿಸೋ ಹಾರ್ಡನರ್ ಬೇಕು ಅಂತ ಎರಡು ಸಲ ಬರೆದು ಕಳಿಸಿದ್ದೆ. ಬಂದದ್ದು ಬೇಗ ಗಟ್ಟಿಯಾಗೋದು. ಫೋನ್ ಮಾಡಿದರೆ ಅಂಗಡಿಯವನು "ಎಲ್ಲಾ ಒಂದೇ ರೀ ಸರ" ಅಂದ. ಕೊಪ್ಪಳದ ಮೇ ಬಿಸಿಲಲ್ಲಿ ಒಂದಲ್ಲಪ್ಪಾ! ಕಪ್‌ನಲ್ಲಿ ಕಲಸಿ ಬ್ರಶ್ ಹುಡುಕೋ ಹೊತ್ತಿಗೆ ಹೊಗೆ ಎದ್ದಿತು, ಕಪ್ಪಿನ ತಳ ಕರಗಿ ಬೆಂಚಿಗೆ ಅಂಟಿತು. ಇನ್ನೊಂದು ಕಪ್ ಕಲಸಿ ಗಡಿಬಿಡಿಯಲ್ಲಿ ಬಳಿದೆ. ಹಾಳೆ ಸುಕ್ಕಾಯ್ತು, ಸುಕ್ಕಿನೊಳಗೆ ಎಪಾಕ್ಸಿ ಹೋಗಿ ಪೈಪ್ ಒಳಗೇ ಉಳಿಯಿತು. ಬೇವಿನ ಮರಕ್ಕೆ ಒಂದು ತುದಿ, ಪಕ್ಕದ ಹೊಲದವರ ಟ್ರ್ಯಾಕ್ಟರ್‌ಗೆ ಇನ್ನೊಂದು ಕಟ್ಟಿ ಎಳೆಸಿದೆ. ತೋಳು ಉದ್ದಕ್ಕೂ ಸೀಳಿತು. ಟ್ರ್ಯಾಕ್ಟರ್‌ನವರು ಇಳಿದು ಬಂದು ನೋಡಿ, "ಈ ಕೋಲಿಂದ ಏನ್ ಆಗಬೇಕ್ರೀ ಸರ? ಕೊಯ್ದ ಬಿಡ್ರೀ" ಅಂದರು. ಗಾಳಿ ಕಮ್ಮಿ ಇದ್ದಾಗ ದೊಡ್ಡ ಹಾಯಿ ಕಟ್ಟೋಕೆ ಬೇಕು ಅಂತ ವಿವರಿಸೋ ಶಕ್ತಿ ನನಗಿರಲಿಲ್ಲ.

ಎರಡನೇ ಸಲ ಹಾಳೆ ಬಿಟ್ಟು ಪ್ಯಾಕಿಂಗ್ ಟೇಪ್ ಸುತ್ತಿ ಮೇಣ ಸವರಿದೆ. ಬೆಳಗಿನ ಜಾವ ಐದಕ್ಕೆ ಎದ್ದು, ಸ್ವಲ್ಪ ಸ್ವಲ್ಪವೇ ಕಲಸಿ ಅಗಲ ತಟ್ಟೆಗೆ ಸುರಿದುಕೊಂಡೆ. ಮರುದಿನ ಬರ್ಫ. ಅಲ್ಯೂಮಿನಿಯಂ ತಣ್ಣಗಾದರೆ ಗ್ಲಾಸ್ ತೋಳಿಗಿಂತ ಜಾಸ್ತಿ ಕುಗ್ಗುತ್ತದೆ. ಕೂದಲೆಳೆಯಷ್ಟು ಜಾಗ ಸಿಕ್ಕರೂ ಸಾಕು.

ಮುಂದಿನದು ಹರಿಗೋಲು. ಆನೆಗೊಂದಿಗೆ ಹೋದಾಗಲೆಲ್ಲ ಆಸೆಯಾಗುತ್ತದೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಕೂಡ ಬುಟ್ಟಿಯಂಥ ಈ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ, ಒಳಗೆ ಬೆತ್ತ, ಹೊರಗೆ ಚರ್ಮ. ನನ್ನದು ಫೈಬರ್‌ನದ್ದು, ಅಡ್ಡಳತೆ 2.4 ಮೀಟರ್. ಎಲ್ಲಿಂದ ಅಳೆದರೂ ಅಷ್ಟೇ, ಮೂಗೇ ಇಲ್ಲ. ಆದರೆ ಎರಡು ಸೇರಿಸಿ ಕಟ್ಟಬಾರದು. ಜೋಡಿ ಒಡಲಿನ ದೋಣಿ, ಕ್ಯಾಟಮರಾನ್ ಅಂತ ಒಂದೂವರೆ ಪಟ್ಟು ಬಾಡಿಗೆ ಕೇಳಿದರೆ?

ಇವತ್ತು ಮೂಗು ಒಳಗೆ ಜಾರಿಸಿ, ಚುಕ್ಕಾಣಿ ಕಳಚಿಟ್ಟು, ಖುಷಿಯಲ್ಲಿ ಟೇಪ್ ಹಿಡಿದೆ. 6.15. ಹಿಂದಿನ ಮೋಟರ್ ಬ್ರಾಕೆಟ್ 35 ಸೆಂಟಿಮೀಟರ್ ಹೊರಗಿದೆ. ಅದರ ಬೋಲ್ಟ್‌ಗಳು ಯಾವತ್ತೂ ಅಲ್ಲಾಡಬಾರದು ಅಂತ ಜನವರಿಯಲ್ಲಿ ನಾನೇ ಎಪಾಕ್ಸಿ ತುಂಬಿ ಕೂರಿಸಿದ್ದೆ.