ಟಾಬರ್ಡ್ ಇದ್ದ ಓಣಿ
ನವೆಂಬರ್ 9, 2024, ಶನಿವಾರ

ಇವತ್ತು ಕೊನೆಗೂ ಟಾಲ್ಬಟ್ ಯಾರ್ಡ್ ನೋಡಿಬಂದೆ. ಲಂಡನ್ ಬ್ರಿಜ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ 'ಬರೋ ಹೈ ಸ್ಟ್ರೀಟ್' ಅನ್ನುವ ಬೀದಿ, ಅಲ್ಲಿಂದ ಒಳಕ್ಕೆ ಹೋಗುವ ಸಣ್ಣ ಓಣಿ. 2003ರಲ್ಲಿ ಹಾಕಿದ ನೀಲಿ ಫಲಕ ಬಿಟ್ಟರೆ ಹಳೆಯದೇನೂ ಉಳಿದಿಲ್ಲ. ಆದರೂ ಸುಮ್ನೆ ಅರ್ಧ ಗಂಟೆ ನಿಂತಿದ್ದೆ.

14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ 'ಕ್ಯಾಂಟರ್‌ಬರಿ ಕಥೆಗಳು', ಅಂದರೆ ಕ್ಯಾಂಟರ್‌ಬರಿಗೆ ಹೊರಟ ಯಾತ್ರಿಕರು ಹೇಳುವ ಕಥೆಗಳು, ಶುರುವಾಗುವುದೇ ಇಲ್ಲಿದ್ದ ಟಾಬರ್ಡ್ ಇನ್ ಎಂಬ ವಸತಿಗೃಹದಲ್ಲಿ. ಅದು ಕಟ್ಟುಕಥೆಯ ಜಾಗ ಅಲ್ಲ. 14ನೇ ಶತಮಾನದ ಶುರುವಿನಲ್ಲಿ ಹೈಡ್ ಎಂಬ ಕ್ರೈಸ್ತ ಮಠದ ಮುಖ್ಯಸ್ಥ ಈ ಜಾಗ ಕೊಂಡು ತನಗೊಂದು ಮನೆ, ಯಾತ್ರಿಕರಿಗೊಂದು ತಂಗುಮನೆ ಮಾಡಿಸಿದ. ಕಥೆಯಲ್ಲಿ ಬರುವ ಯಜಮಾನ ಹ್ಯಾರಿ ಬೈಲಿಯ ಹೆಸರಿನವನೇ ಒಬ್ಬ ಥೇಮ್ಸ್ ನದಿಯ ದಕ್ಷಿಣ ದಡದ ಈ ಸದರ್ಕ್‌ನಲ್ಲಿ ನಿಜಕ್ಕೂ ಇನ್ ನಡೆಸುತ್ತಿದ್ದ, 1376ರಲ್ಲಿ ಪಾರ್ಲಿಮೆಂಟಿಗೂ ಹೋಗಿದ್ದ!

ಆಗ ಲಂಡನ್‌ನಲ್ಲಿ ಥೇಮ್ಸ್ ದಾಟಲು ಇದ್ದದ್ದು ಒಂದೇ ಸೇತುವೆ, ರಾತ್ರಿಯಾದರೆ ಅದರ ಬಾಗಿಲು ಹಾಕುತ್ತಿದ್ದರು. ತಡವಾಗಿ ಬಂದವರು ಈ ದಡದಲ್ಲೇ ಉಳಿಯಬೇಕು, ನಸುಕಿನಲ್ಲೇ ಕ್ಯಾಂಟರ್‌ಬರಿ ದಾರಿ ಹಿಡಿಯುವವರೂ ಹಿಂದಿನ ರಾತ್ರಿಯೇ ಇಲ್ಲಿಗೆ ಬಂದು ಮಲಗಬೇಕು, ಹಾಗಾಗಿಯೇ ಈ ಒಂದು ಬೀದಿಯಲ್ಲಿ ಅಷ್ಟೊಂದು ಇನ್‌ಗಳು.

1676ರಲ್ಲಿ ಸದರ್ಕ್‌ಗೆ ಬೆಂಕಿ ಬಿದ್ದಾಗ ಟಾಬರ್ಡ್ ಕೂಡ ಸುಟ್ಟುಹೋಯಿತು. ಮತ್ತೆ ಕಟ್ಟಿದರು, ಆದರೆ ಹೆಸರು ಟಾಲ್ಬಟ್ ಆಯಿತು. ಟಾಬರ್ಡ್ ಅಂದರೆ ತೋಳಿಲ್ಲದ ಮೇಲಂಗಿ, ಟಾಲ್ಬಟ್ ಅಂದರೆ ಒಂದು ಜಾತಿಯ ಬೇಟೆನಾಯಿ. ಗೋಡೆ ಸುಟ್ಟಿದ್ದಕ್ಕಿಂತ ಆ ಹೆಸರು ಹೋದದ್ದೇ ನನಗೆ ಜಾಸ್ತಿ ನೋವು. ಗೋಡೆಯನ್ನು ಮತ್ತೆ ಎಬ್ಬಿಸಬಹುದು, ಅಲ್ವಾ?

ಬೆಂಕಿಯನ್ನು ತಡೆದುಕೊಂಡ ಇನ್ ರೈಲನ್ನು ತಡೆದುಕೊಳ್ಳಲಿಲ್ಲ. ಲಂಡನ್ ಬ್ರಿಜ್ ಸ್ಟೇಷನ್ 1836ರಲ್ಲಿ ತೆರೆಯಿತು. ಕುದುರೆ ಗಾಡಿಗಳು ಕಡಿಮೆಯಾದವು, ಕುದುರೆ ಬಿಚ್ಚುವ ಅಂಗಳಕ್ಕೆ ಕೆಲಸ ಉಳಿಯಲಿಲ್ಲ. 1873ರಲ್ಲಿ ಕೆಡವಿದರು.

ಅಲ್ಲಿಂದ ಪಕ್ಕದ ಜಾರ್ಜ್ ಇನ್‌ಗೆ ಹೋದೆ. ಅದೂ ಅದೇ ಬೆಂಕಿಯಲ್ಲಿ ಸುಟ್ಟು ಮತ್ತೆ ಎದ್ದದ್ದು. ಅದರಲ್ಲೂ ಬಹುಭಾಗವನ್ನು ರೈಲ್ವೆಯವರು ಕೆಡವಿದ್ದಾರೆ, ಒಂದು ಬದಿ ಮಾತ್ರ ಉಳಿದಿದೆ. ಕೆಡವುವ ಮೊದಲು ತೆಗೆದ ಟಾಲ್ಬಟ್‌ನ ಫೋಟೋ ನನ್ನ ಮೊಬೈಲಿನಲ್ಲಿತ್ತು. ಅದನ್ನು ಎತ್ತಿ ಹಿಡಿದು, ಎದುರಿಗಿದ್ದ ಮರದ ಕಟಕಟೆಯನ್ನೂ ಅದರ ಹಿಂದಿನ ಕೋಣೆ ಬಾಗಿಲುಗಳನ್ನೂ ಒಂದೊಂದಾಗಿ ಹೋಲಿಸಿ ನೋಡುತ್ತ ಕತ್ತಲಾಗುವವರೆಗೂ ಅಂಗಳದಲ್ಲೇ ಕೂತಿದ್ದೆ.